ಕೈಗುಣ

ತಪ್ಪು ಹಾಕು ಅಂದರು.

ತಪ್ಪು ಹಾಕಬೇಡ ಅಂತ ಜೀವಮಾನವಿಡೀ ಬೈಸಿಕೊಂಡು, ಬೆರಳ ಗೆಣ್ಣಿಗೆ ಏಟು ತಿಂದು, ಅತ್ತು ಕಲಿತ ಹೆಂಗಸಿಗೆ, ತಲೆಗೂದಲು ಹಣ್ಣಾಗುವ ಹೊತ್ತಿಗೆ ಬಂದು ತಪ್ಪು ಹಾಕು ಅಂದರು. ಅದನ್ನೂ ನಗುನಗುತ್ತಾ, ಅಮ್ಮಾ ಎಂದು ಕರೆದು, ಹೆಗಲ ಮೇಲೆ ಕೈಯಿಟ್ಟು ಅಂದರು. ಬೈದು ಅಂದಿದ್ದರೆ ತಿರುಗಿ ಬೈಯಬಹುದಿತ್ತು.

ಅವಳು ಚಾಪೆ ನೇಯುವವಳು. ಕೆರೆದಂಡೆಯ ಓಣಿಯಲ್ಲಿ ಮನೆಗೊಂದು ಮಗ್ಗ, ಮಗ್ಗಕ್ಕೊಂದು ಹೆಂಗಸು. ನೇಯುವುದು ಎಲ್ಲರಿಗೂ ಬರುತ್ತದೆ. ಅಂಚು ಮಡಚಿ ಕಟ್ಟುವುದರಲ್ಲಿ ಮಾತ್ರ ಇವಳನ್ನು ಮೀರಿಸಿದವರಿಲ್ಲ. ಅದಕ್ಕೇ ಓಣಿಯವರು ಅವಳನ್ನು ಅಂಚಿನಕ್ಕ ಎಂದು ಕರೆದರು. ಕರೆದು ಕರೆದು ಅದೇ ಹೆಸರಾಯಿತು.

ಮಲಗುವವರಿಗೆ ಚಾಪೆ ಎಂದರೆ ಚಾಪೆ. ಅಂಚಿನಕ್ಕನಿಗೆ ಅದು ಸೊಂಟಮಟ್ಟದ ನೀರು. ಬೆಳಗಾಗುತ್ತಲೇ ಕೆರೆಗಿಳಿದು ಜೊಂಡು ಕೊಯ್ಯಬೇಕು. ಜೊಂಡಿನ ಎಲೆಯೋ, ಬೆರಳ ಸಂದಿಯನ್ನೇ ಹುಡುಕಿ ಸೀಳುತ್ತದೆ. ತೊಡೆಗೆ ಜಿಗಣೆ ಹತ್ತುತ್ತದೆ. ಪುರುಸೊತ್ತಿದ್ದರೆ ಕಿತ್ತೆಸೆಯುತ್ತಾಳೆ, ಇಲ್ಲದಿದ್ದರೆ ಅದೇ ಕುಡಿದು ತುಂಬಿ ಬೀಳುತ್ತದೆ. ಜಿಗಣೆ ಊರಿನವರ ಹಾಗಲ್ಲ, ಹೊಟ್ಟೆ ತುಂಬಿದರೆ ಬಿಟ್ಟುಬಿಡುತ್ತದೆ. ನೀರು ಸೋರುವ ಹೊರೆಯನ್ನು ತಲೆಯ ಮೇಲೆ ಹೊತ್ತು ದಂಡೆ ಹತ್ತಬೇಕು. ಹರವಿ ಒಣಗಿಸಬೇಕು. ಹೆಬ್ಬೆರಳ ಉಗುರಿನಿಂದ ಸೀಳಬೇಕು. ಸೀಳಿ ಸೀಳಿ ಅವಳ ಉಗುರೇ ನಡುವೆ ಬಿರಿದು ಎರಡಾಗಿದೆ. ಆಮೇಲೆ ನೆಲಕ್ಕೆ ಗೂಟ ಹೊಡೆದು, ಹುರಿಯ ಹಾಸು ಬಿಗಿದು, ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಎಳೆ ತೂರಿಸಿ ಮರದ ಹಣಿಗೆಯಿಂದ ಬಡಿಯಬೇಕು. ಮೊದಲು ಮಂಡಿ ಹೋಗುತ್ತದೆ. ಆಮೇಲೆ ಸೊಂಟ. ಚಾಪೆ ನೆಟ್ಟಗಾಗುತ್ತಾ ಹೋದ ಹಾಗೆ ನೇಯುವವಳು ಬಾಗುತ್ತಾ ಹೋಗುತ್ತಾಳೆ.

ಊರಿನಲ್ಲಿ ಇವರಿಗೆ ಕೆಸರುಕಾಲಿನವರು ಎಂದು ಹೆಸರು. ಚಾಪೆ ಕೊಡಲು ಹೋದರೆ ಬೀದಿಯ ನಲ್ಲಿಯಲ್ಲಿ ಕಾಲು ತೊಳೆದೇ ಹೋಗಬೇಕು. ತೊಳೆದು ಹೋದರೂ ಹೊಸಿಲಾಚೆಯೇ ನಿಲ್ಲಬೇಕು. ಸುರುಳಿಯ ಒಂದು ತುದಿಯನ್ನು ಇವಳು ಹಿಡಿದಿದ್ದರೆ ಇನ್ನೊಂದು ತುದಿಯನ್ನು ಒಳಗಿನವರು ಎಳೆದುಕೊಳ್ಳುತ್ತಾರೆ, ಕೈಗೆ ಕೈ ತಾಗದ ಹಾಗೆ. ಇಡೀ ಊರು ಕೂರುವುದು ಇವರು ನೇಯ್ದದ್ದರ ಮೇಲೆ. ಇವರಿಗೆ ಕೂತ್ಕೋ ಅಂದವರು ಯಾರೂ ಇಲ್ಲ.

ಮನೆಯಲ್ಲಿ ಇರುವವರು ಮೂವರು. ಗಂಡ ಎಂದೋ ಜ್ವರದಲ್ಲಿ ಹೋದ. ಉಳಿದದ್ದು ಅತ್ತೆ, ಮಗಳು, ತಾನು. ಅತ್ತೆಗೆ ಕಣ್ಣಿಲ್ಲ. ಮೊದಲು ಇತ್ತು, ಈಗ ಬರೀ ಬಿಳುಪು. ಆದರೆ ಓಣಿಯ ಯಾವ ಚಾಪೆಯೂ ಅವಳ ಅಂಗೈ ತಪ್ಪಿಸಿ ಊರಿಗೆ ಹೋದದ್ದಿಲ್ಲ. ಹೊಸ ಚಾಪೆಯನ್ನು ಅವಳ ಮುಂದೆ ಬಿಚ್ಚಿ ಹರಡುತ್ತಾರೆ. ಅವಳು ಮಂಡಿಯೂರಿ, ಮಗುವಿನ ಬೆನ್ನು ಸವರಿದ ಹಾಗೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸುತ್ತಾಳೆ. ಕೈ ನಿಲ್ಲದೆ ಹೋದರೆ ಚಾಪೆ ಪಾಸಾಯಿತು. ಎಲ್ಲಾದರೂ ನಿಂತರೆ ಒಂದೇ ಮಾತು.

"ಬಿಚ್ಚು."

ತಪ್ಪು ಎಲ್ಲಿದೆಯೋ ಅಲ್ಲಿಯವರೆಗೂ ಬಿಚ್ಚಬೇಕು. ಬೆಳಗಿನಿಂದ ನೇಯ್ದದ್ದಾದರೂ ಸರಿ, ಕಣ್ಣಲ್ಲಿ ನೀರು ಬಂದರೂ ಸರಿ. ಮದುವೆಯಾಗಿ ಬಂದ ಹೊಸದರಲ್ಲಿ ಅಂಚಿನಕ್ಕ ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಅತ್ತೆ ಹಣಿಗೆಯ ಮೊನೆಯಿಂದ ಗೆಣ್ಣಿಗೆ ಬಾರಿಸುತ್ತಿದ್ದಳು. "ನಮ್ಮನ್ನ ಯಾರೂ ಒಳಗೆ ಬಿಡಲ್ಲ ಕಣೇ. ನಮ್ಮ ಕೈಗುಣ ಒಂದೇ ಒಳಗೆ ಹೋಗೋದು. ಅದು ನೆಟ್ಟಗೆ ಹೋಗಲಿ." ಆಗ ಅಂಚಿನಕ್ಕ ಮನಸ್ಸಿನಲ್ಲೇ ಅತ್ತೆಗೆ ಹಿಡಿಶಾಪ ಹಾಕಿದ್ದಳು. ಬರುಬರುತ್ತಾ ತನ್ನ ಕೈಯೇ ಅತ್ತೆಯಾಯಿತು. ಎಳೆಯೊಂದು ಓರೆಯಾದರೆ ಕಣ್ಣಿಗೆ ಕಾಣುವ ಮುಂಚೆ ಹೆಬ್ಬೆರಳು ಹೋಗಿ ತಳ್ಳಿ ಸರಿಮಾಡುತ್ತಿತ್ತು.

ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಊರು ಇವರನ್ನು ಹೊಸಿಲಾಚೆಗೂ ಕರೆಯುವುದನ್ನು ಬಿಟ್ಟಿತು. ಕೆಲವರು ಮಗ್ಗ ಸೀಳಿ ಒಲೆಗೆ ಹಾಕಿದರು. ಅಂಥ ಹೊತ್ತಿನಲ್ಲಿ ಬಂದವರು ಮೇಡಂ. ಪೇಟೆಯ ದೊಡ್ಡ ಬೀದಿಯಲ್ಲಿ, ಗಾಜಿನ ಗೋಡೆಯ ಕರಕುಶಲ ಮಳಿಗೆ ಅವರದು. ಓಣಿಯ ಚಾಪೆಯನ್ನೆಲ್ಲ ಅವರೇ ಕೊಳ್ಳತೊಡಗಿದರು. ಆರಿದ ಒಲೆಗಳು ಹೊತ್ತಿದವು. ಹೊತ್ತಿಸಿದವರು ಅವರೊಬ್ಬರೇ. ಆರಿಸಬಲ್ಲವರೂ ಅವರೊಬ್ಬರೇ. ಅದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ದಿನ ಮೇಡಂ ಅಂಚಿನಕ್ಕನನ್ನು ಮಳಿಗೆಗೆ ಕರೆಸಿದರು.

"ಅಮ್ಮಾ, ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ. ಅದೇ ತೊಂದರೆ ಆಗಿರೋದು."

ಅಂಚಿನಕ್ಕ ತಾನೆಲ್ಲೋ ತಪ್ಪು ಕೇಳಿಸಿಕೊಂಡೆ ಅಂದುಕೊಂಡಳು.

"ಗಿರಾಕಿಗಳು ವಾಪಸ್ ತರ್ತಿದ್ದಾರೆ. ಕೈಯಲ್ಲಿ ಮಾಡಿದ್ದು ಇಷ್ಟು ಸಮ ಇರುತ್ತಾ, ಇದು ಮೆಷಿನ್‌ದು ಅಂತಾರೆ. ಅಲ್ಲೊಂದು ಇಲ್ಲೊಂದು ತಪ್ಪು ಹಾಕಿ. ಜಾಸ್ತಿ ಬೇಡ. ಅಯ್ಯೋ ಪಾಪ, ಯಾರೋ ಕೂತು ನೇಯ್ದಿದ್ದಾರೆ ಅಂತ ನೋಡಿದವರಿಗೆ ಅನ್ನಿಸ್ಬೇಕು, ಅಷ್ಟೇ."

"ನಮ್ಮತ್ತೆ ಒಪ್ಪಲ್ಲ ಮೇಡಂ. ಕೈಗುಣ ಕೆಟ್ಟೋಯ್ತು ಅಂತಾರೆ."

"ಕೈಗುಣ!" ಮೇಡಂ ಕಣ್ಣರಳಿಸಿದರು. "ಎಷ್ಟು ಚೆಂದದ ಮಾತು. ಈಗ ಯಾರ ಬಾಯಲ್ಲೂ ಬರಲ್ಲ ನೋಡಿ." ಆ ಮಾತನ್ನು ಇನ್ನೆರಡು ಸಲ ನಾಲಿಗೆಯ ಮೇಲೆ ಹೊರಳಿಸಿ ರುಚಿ ನೋಡಿದರು. ಬಾಯಲ್ಲಿ ಆಡಿದ್ದೂ ಕಳುವಾಗುತ್ತದೆ ಎಂದು ಅಂಚಿನಕ್ಕನಿಗೆ ಆಗ ಗೊತ್ತಿರಲಿಲ್ಲ.

ಮನೆಗೆ ಬಂದು ಮಗ್ಗದ ಮುಂದೆ ಕೂತಳು. ತಪ್ಪು ಹಾಕಲು ಕೈ ಎತ್ತಿದಳು. ಹೇಗೆ ಹಾಕುವುದು? ನಡೆಯಲು ಬರುವವರಿಗೆ ಎಡವಿ ತೋರಿಸು ಅಂದ ಹಾಗಿತ್ತು. ಎರಡು ಹುರಿ ಹಾರಿಸಿ ಎಳೆ ತೂರಿಸಿದಳು. ಬಡಿಯುವಷ್ಟರಲ್ಲಿ ಹೆಬ್ಬೆರಳು ಹೋಗಿ ಅದನ್ನು ಸರಿಮಾಡಿತ್ತು. ಮಗಳು ಬಿದ್ದು ಬಿದ್ದು ನಕ್ಕಳು.

"ಏಳಮ್ಮ, ನಿನಗೆ ತಪ್ಪು ಮಾಡಕ್ಕೂ ಬರಲ್ಲ. ನಾನು ಹಾಕ್ತೀನಿ. ನಾನು ಚಿಕ್ಕೋಳಿದ್ದಾಗಿಂದ ಹಾಕಿ ಹಾಕಿ ಬೈಸ್ಕೊಂಡಿಲ್ವಾ?"

ಮಗಳ ಕೈ ಮೊದಲಿನಿಂದಲೂ ಸ್ವಲ್ಪ ಎಡಕ್ಕೆ ಎಳೆಯುವ ಕೈ. ಅವಳು ಕೂತು ಒಂದು ಎಳೆಯನ್ನು ಓರೆ ಮಾಡಿದಳು. ಚಾಪೆ ಮುಗಿಯಿತು. ಅತ್ತೆಯ ಮುಂದೆ ಹರಡಿದರು. ಅಂಗೈ ಬಂತು, ಬಂತು, ನಿಂತಿತು.

"ಬಿಚ್ಚು."

"ಬೇಕಂತಲೇ ಹಾಕಿದ್ದು ಅತ್ತೆ. ಮೇಡಂ ಹಾಕು ಅಂದ್ರು. ತಪ್ಪಿದ್ರೆನೇ ಮಾರಾಟ ಅಂತೆ."

ಮುದುಕಿ ಆ ಎಳೆಯನ್ನು ಇನ್ನೊಮ್ಮೆ ಸವರಿದಳು. "ತಿಳೀದೆ ಮಾಡಿದ್ರೆ ತಪ್ಪು. ಬೇಕಂತ ಮಾಡಿದ್ರೆ ಅದಕ್ಕೆ ಬೇರೆ ಹೆಸರಿದೆ. ಬಿಚ್ಚು."

ಬಿಚ್ಚಿದರು. ತಪ್ಪಿಲ್ಲದ ಚಾಪೆಯೇ ಪೇಟೆಗೆ ಹೋಯಿತು. ಹೋದಷ್ಟೇ ನೆಟ್ಟಗೆ ವಾಪಸು ಬಂತು. ಎದುರುಮನೆಯವಳು ಕಟ್ಟೆಯ ಮೇಲಿಂದಲೇ ಕೂಗಿದಳು. "ಹಾಕ್ಬಿಡೇ ಅಕ್ಕ. ನೀನು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರೋ ಜನ. ಚಾಪೆ ನಮ್ದಾದ್ರೂ ತೂರೋ ಕಲೆ ಅವರ್ದು." ಓಣಿಯೆಲ್ಲ ನಕ್ಕಿತು. ಎದುರುಮನೆಯವಳು ಆಗಲೇ ತಪ್ಪು ಹಾಕತೊಡಗಿದ್ದಳು. ಅವಳ ಚಾಪೆ ಅತ್ತೆಯ ಅಂಗೈಗೆ ಬರುವುದು ನಿಂತಿತ್ತು.

ಮಳಿಗೆಯಲ್ಲಿ ಪ್ರದರ್ಶನವಿದೆ, ಜನರ ಮುಂದೆ ಕೂತು ನೇಯಬೇಕು ಎಂದು ಹೇಳಿಕಳಿಸಿದಾಗ ಅಂಚಿನಕ್ಕನಿಗೆ ಖುಷಿಯೇ ಆಯಿತು. ಕಣ್ಣಾರೆ ಕಂಡರೆ ಮೆಷಿನ್ ಅನ್ನಲಾರರಲ್ಲ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು. ಬೀದಿಯ ನಲ್ಲಿಯಲ್ಲಿ ಕಾಲು ಉಜ್ಜಿ ಉಜ್ಜಿ ತೊಳೆದಳು. ಉಗುರ ಸಂದಿಯ ಕೆಸರನ್ನೂ ಕಡ್ಡಿಯಿಂದ ತೆಗೆದಳು. ಮಗಳನ್ನು ಕರೆದುಕೊಂಡು ಹೋದಳು.

ಮಳಿಗೆಯ ಉಸ್ತುವಾರಿಯವನು ಅವಳ ಕಾಲು ನೋಡಿ ಮುಖ ಗಂಟಿಕ್ಕಿದ.

"ಏನಮ್ಮ ಇದು, ಮದುವೆಗೆ ಬಂದ ಹಾಗೆ ಬಂದಿದ್ದೀಯ? ಹೀಗೆ ಕೂತ್ರೆ ಯಾರು ನಂಬ್ತಾರೆ?"

ಅವನು ಒಂದು ಬಟ್ಟಲು ತಂದ. ಅದರಲ್ಲಿ ಕೆಸರು. ಕೆರೆಯದ್ದಲ್ಲ, ಹೂಕುಂಡದ ಮಣ್ಣಿಗೆ ನೀರು ಹಾಕಿ ಕಲಸಿದ್ದು. "ಮಂಡಿವರೆಗೂ ಹಚ್ಕೋ."

ಊರು ಹುಟ್ಟಿದಂದಿನಿಂದ ಕಾಲು ತೊಳೆದು ಬಾ ಅಂದ ಬಾಯಿ, ಇವತ್ತು ಹಚ್ಚಿಕೋ ಅಂದಿತು. ಅಂಚಿನಕ್ಕ ಮಗಳ ಮುಖ ನೋಡಲಿಲ್ಲ. ಬಗ್ಗಿ ಹಚ್ಚಿಕೊಂಡಳು. ತಣ್ಣಗಿತ್ತು. ಗೊಬ್ಬರದ ವಾಸನೆ ಹೊಡೆಯುತ್ತಿತ್ತು. ಓಣಿಯ ಒಲೆಗಳನ್ನೆಲ್ಲ ನೆನೆಸಿಕೊಂಡು ಹಚ್ಚಿಕೊಂಡಳು.

ಹೊಳೆಯುವ ನೆಲ. ಗೂಟ ಹೊಡೆಯುವಂತಿಲ್ಲ. ಮರದ ಚೌಕಟ್ಟಿಗೆ ಹಾಸು ಬಿಗಿದುಕೊಟ್ಟಿದ್ದರು. ಸುತ್ತ ಹಗ್ಗ ಕಟ್ಟಿ, ಮುಂದೆ ಒಂದು ಫಲಕ ನಿಲ್ಲಿಸಿದ್ದರು. ಅಂಚಿನಕ್ಕನಿಗೆ ಓದು ಬಾರದು.

"ಏನೇ ಬರೆದಿದ್ದಾರೆ? ನನ್ನ ಹೆಸರಾ?"

"ಮುಟ್ಟಬೇಡಿ ಅಂತ."

"ಚಾಪೆಗಾ, ನನಗಾ?"

ಮಗಳು ನಗಲಿಲ್ಲ. ಗೋಡೆಯ ಮೇಲೆ ಮೇಡಂ ಅವರ ದೊಡ್ಡ ಫೋಟೋ ಇತ್ತು. ಕೆಳಗೆ ಅವರ ಹೆಸರಿತ್ತು, ಹೆಸರಿನ ಮುಂದೆ ಕಲಾವಿದೆ ಎಂದಿತ್ತು. ಮಗಳು ಅದನ್ನು ಅಮ್ಮನಿಗೆ ಓದಿ ಹೇಳಲಿಲ್ಲ.

ಪ್ರದರ್ಶನದ ಕೊನೆಯ ದಿನದ ಹೊತ್ತಿಗೆ ಚಾಪೆ ಅರ್ಧ ದಾಟಿತ್ತು. ಜನ ಬಂದರು. ಬಗ್ಗಿ ನೋಡಿದರು. ಅವಳ ಕೈಗಿಂತ ಕಾಲಿನ ಫೋಟೋ ಹೆಚ್ಚು ತೆಗೆದರು. ದಪ್ಪ ಕನ್ನಡಕದ ಗಿರಾಕಿಯೊಬ್ಬ ಚಾಪೆಯ ಉದ್ದಕ್ಕೂ ಕಣ್ಣಾಡಿಸಿ ಮೇಡಂ ಕಡೆ ತಿರುಗಿದ.

"ಅಲ್ಲ, ಇದು ಮೆಷಿನ್ ಥರಾನೇ ಇದೆಯಲ್ಲ? ಇವರು ಸುಮ್ನೆ ಮುಂದೆ ಕೂತಿರೋದಾ?"

ಮೇಡಂ ನಕ್ಕರು. ಹಗ್ಗ ದಾಟಿ ಬಂದರು. ಬಗ್ಗಿ, ಚಾಪೆಯ ಮೊದಲ ಭಾಗದಲ್ಲೆಲ್ಲೋ ಒಂದು ಎಳೆಯ ಕೆಳಗೆ ಉಗುರು ತೂರಿಸಿ ಮೇಲಕ್ಕೆ ಎಳೆದರು. ಸಾಲು ಎದ್ದು ಓರೆಯಾಯಿತು. ಎದ್ದ ಜಾಗದ ಮೇಲೆ ಬೆರಳಿಟ್ಟು ಗಿರಾಕಿಗೆ ತೋರಿಸಿದರು.

"ಇಲ್ಲಿ ನೋಡಿ. ಪಾಪ, ಇಲ್ಲಿ ಇವರ ಕೈ ತಪ್ಪಿದೆ. ಇದೇ ಇದರ ಸೊಗಸು."

ಅಂಚಿನಕ್ಕ ಹಣಿಗೆ ಕೆಳಗಿಟ್ಟಳು. ಕೆಸರು ಹಚ್ಚಿಕೊಂಡಿದ್ದಳು. ಹಗ್ಗದೊಳಗೆ ಕೂತಿದ್ದಳು. ಕಾಲು ಚಾಚಿ ತೋರಿಸು ಅಂದಾಗ ಚಾಚಿದ್ದಳು. ಎಲ್ಲವನ್ನೂ ನುಂಗಿಕೊಂಡಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ.

"ಅದು ನನ್ನ ತಪ್ಪಲ್ಲ."

ಗಿರಾಕಿ ಅವಳ ಕಡೆ ನೋಡಿದ. ಚಾಪೆ ಮಾತಾಡಿದ ಹಾಗೆ ನೋಡಿದ.

"ಅವರು ಎಳೆದ್ರು. ನನ್ನ ಕಣ್ಮುಂದೆ ಎಳೆದ್ರು. ನನ್ನ ಕೈ ತಪ್ಪಲ್ಲ."

"ನೋಡಿ, ಎಷ್ಟು ಅಭಿಮಾನ!" ಮೇಡಂ ಗಿರಾಕಿಯ ಕಡೆ ತಿರುಗಿ ಅಂದರು. ಅವರಿಗೆ ಒಂಚೂರೂ ಕಸಿವಿಸಿಯಾಗಲಿಲ್ಲ. ಅಂಥವರಿಗೆ ಆಗುವುದಿಲ್ಲ.

"ಬಿಚ್ಚು," ಎಂದಿತು ಒಂದು ದನಿ. ಅತ್ತೆ ಅಲ್ಲಿರಲಿಲ್ಲ. ಅಂಚಿನಕ್ಕನೇ ಅಂದದ್ದು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ.

ಕೊನೆಯ ಎಳೆಯಿಂದ ಶುರುಮಾಡಿದಳು. ಕಟ್ಟಿದ ಅಂಚನ್ನು ಬಿಡಿಸಿದಳು. ಎಳೆ ಕಿತ್ತು ಪಕ್ಕಕ್ಕಿಟ್ಟಳು. ಇನ್ನೊಂದು ಬಿಡಿಸಿದಳು. "ಏಯ್, ಏನ್ ಮಾಡ್ತಿದ್ದೀಯ?" ಉಸ್ತುವಾರಿಯವನು ಹಲ್ಲು ಕಚ್ಚಿ ಹತ್ತಿರ ಬಂದ. ಅವಳು ತಲೆಯೆತ್ತಲಿಲ್ಲ. ಕೈ ಓಡುತ್ತಿತ್ತು. ನೇಯುವಾಗ ಒಮ್ಮೆಯೂ ಅಷ್ಟು ಜೋರಾಗಿ ಓಡಿರಲಿಲ್ಲ. ಬಿರಿದ ಉಗುರಿನ ಬುಡದಲ್ಲಿ ರಕ್ತ ಬಂತು. ಸುತ್ತ ಜನ ಸೇರಿದರು. ಯಾರೋ ಚಪ್ಪಾಳೆ ತಟ್ಟಿದರು. ಇದೂ ಪ್ರದರ್ಶನದ ಒಂದು ಭಾಗ ಅಂದುಕೊಂಡರು. "ಈಗ ಬಿಚ್ಚೋದು ತೋರಿಸ್ತಿದ್ದಾರೆ ನೋಡು," ಎಂದು ಒಬ್ಬಳು ಮಗುವನ್ನು ಎತ್ತಿಹಿಡಿದಳು. ಚಪ್ಪಾಳೆ ಹೆಚ್ಚಾಯಿತು. ಮೇಡಂ ಕೂಡ ತಟ್ಟಿದರು. ತಟ್ಟದೆ ಅವರಿಗೂ ಬೇರೆ ದಾರಿಯಿರಲಿಲ್ಲ.

ಮೇಡಂ ಎಳೆದ ಎಳೆ ಬಂತು. ತಪ್ಪು ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸಬೇಕು, ಅದು ಅತ್ತೆಯ ನಿಯಮ. ಅಂಚಿನಕ್ಕ ನಿಲ್ಲಿಸಲಿಲ್ಲ. ಚೌಕಟ್ಟಿನಲ್ಲಿ ಬರೀ ಹುರಿ ಉಳಿಯುವವರೆಗೂ ಬಿಚ್ಚಿದಳು. ಜೊಂಡನ್ನೆಲ್ಲ ಒಟ್ಟುಮಾಡಿ ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಹಗ್ಗ ದಾಟಿ, ಆ ಹೊಳೆಯುವ ಬಿಳಿ ನೆಲದ ಮೇಲೆ ಕೆಸರುಕಾಲು ಊರಿಕೊಂಡು ಬಾಗಿಲವರೆಗೂ ನಡೆದಳು. ಮಗಳು ಹಿಂದೆ ಓಡಿದಳು. ನೆಲ ಒರೆಸುವವಳು ಬಟ್ಟೆ ತರುವ ಮುಂಚೆ ಯಾರೋ ಆ ಹೆಜ್ಜೆಗಳ ಫೋಟೋವನ್ನೂ ತೆಗೆದುಕೊಂಡರು.

ಚಾಪೆ ಒಯ್ಯುವ ಮಳಿಗೆಯ ವ್ಯಾನು ಮತ್ತೆ ಓಣಿಗೆ ಬರಲಿಲ್ಲ. ಇವಳ ಮನೆಗೆ ಬರದಿದ್ದರೆ ಸರಿ, ಯಾರ ಮನೆಗೂ ಬರಲಿಲ್ಲ. ತಪ್ಪು ಹಾಕಿದವರ ಮನೆಗೂ ಬರಲಿಲ್ಲ.

"ಒಬ್ಬಳ ಸೊಕ್ಕಿಗೆ ಓಣಿ ಒಲೆಯೆಲ್ಲ ಆರಿತು," ಎದುರುಮನೆಯವಳು ಬಾಗಿಲಲ್ಲಿ ನಿಂತು ಬೈದಳು. "ನಿನ್ನ ಕೈ ನೆಟ್ಟಗಿದ್ರೆ ನಿನ್ನ ಹತ್ರ ಇಟ್ಕೋ. ನನ್ನ ಮಕ್ಕಳ ಹೊಟ್ಟೆ ಮೇಲೆ ಯಾಕೆ ಹೊಡೆದೆ?"

ಅಂಚಿನಕ್ಕ ಒಳಗೆ ಕೂತು ಕೇಳಿಸಿಕೊಂಡಳು. ಬೈದದ್ದರಲ್ಲಿ ಸುಳ್ಳೇನಿತ್ತು? ಮರ್ಯಾದೆ ತನ್ನದು, ಉಪವಾಸ ಎಲ್ಲರದು. ಮರ್ಯಾದೆ ಉಳಿಸಿಕೊಳ್ಳುವುದಕ್ಕೂ ಇನ್ನೊಬ್ಬರ ಒಲೆ ಆರಬೇಕು ಎಂಬ ಹಾಗೆ ಈ ಲೋಕವನ್ನು ಕಟ್ಟಿಟ್ಟವರು ಯಾರೋ, ಅವರ ಮನೆ ಹಾಳಾಗ!

ಕೆಲವು ತಿಂಗಳಿಗೆ ಪೇಟೆಯ ಆಚೆ ತಗಡಿನ ಶೆಡ್ಡು ಎದ್ದಿತು. ಒಳಗೆ ಮೆಷಿನ್ ಬಂದವು. ಮೇಡಂ ಚಾಪೆ ಕೊಳ್ಳುವುದನ್ನು ಬಿಟ್ಟು ಬೇರೆಡೆಯ ಜೊಂಡು ತರಿಸಿ ತಾವೇ ಮಾಡಿಸತೊಡಗಿದರು. ಮೆಷಿನ್ ಹೊಡೆದ ಚಾಪೆ ಗೆರೆ ಎಳೆದ ಹಾಗೆ ಬರುತ್ತಿತ್ತು. ಅದೇ ಹಳೇ ತೊಂದರೆ. ಹಾಗಾಗಿ ಓಣಿಗೆ ಉಸ್ತುವಾರಿಯವನು ಬಂದ. ಹೆಂಗಸರು ಬೇಕು, ನೇಯ್ದು ಗೊತ್ತಿರುವ ಹೆಂಗಸರೇ ಬೇಕು ಅಂದ. ಶೆಡ್ಡಿನ ಹಿಂಬದಿಯ ಕೋಣೆಯಲ್ಲಿ ಉದ್ದನೆಯ ಮೇಜು. ಮೆಷಿನ್‌ನಿಂದ ಇಳಿದ ಚಾಪೆ ಒಂದೊಂದಾಗಿ ಅದರ ಮೇಲೆ ಬರುತ್ತದೆ. ಹೆಂಗಸರು ಕೊಕ್ಕೆ ಹಿಡಿದು ಅಲ್ಲೊಂದು ಇಲ್ಲೊಂದು ಎಳೆ ಎಳೆದು ಓರೆ ಮಾಡಬೇಕು. ಆಮೇಲೆ ಹಿಂದೆ ಅಂಟು ಬಳಿದು ಬಟ್ಟೆ ಮೆತ್ತುತ್ತಾರೆ. ಅದರ ಮೇಲೆ ಚೀಟಿ. ಚೀಟಿಯ ಮೇಲೆ ಚೆಂದದ ಅಕ್ಷರದಲ್ಲಿ ಒಂದೇ ಪದ: ಕೈಗುಣ.

ಎದುರುಮನೆಯವಳು ಮೊದಲು ಹೋದಳು. ಮಗಳು ಆಮೇಲೆ ಹೋದಳು. ಹೋಗುವಾಗ ಅಮ್ಮನ ಕಡೆ ನೋಡದೆ ಅಂದಳು. "ಸರಿ ಮಾಡಿದ್ರೆ ಉಪವಾಸ, ತಪ್ಪು ಮಾಡಿದ್ರೆ ತುತ್ತು. ನಂಗೆ ಹಸಿವಾಗುತ್ತಮ್ಮ." ಅಜ್ಜಿಗೆ ಏನೂ ಹೇಳಲಿಲ್ಲ. ಹೊಲಿಗೆ ಕೆಲಸ ಅಂದಳು.

ಕೊನೆಗೆ ಅಂಚಿನಕ್ಕನೂ ಹೋದಳು. ಯಾಕೆ ಹೋದಳು ಅಂತ ಯಾರೂ ಕೇಳಬೇಡಿ. ಅತ್ತೆಗೆ ಔಷಧಿ ಬೇಕಿತ್ತು. ಮೇಜಿನ ಮುಂದೆ ನಿಂತಳು. ಕೊಕ್ಕೆ ಹಿಡಿದಳು. ಕಣ್ಣು ಮುಚ್ಚಿಕೊಂಡು ಒಂದು ಎಳೆ ಎಳೆದಳು. ಓರೆಯಾಯಿತು. ಚಾಪೆ ಮುಂದೆ ಸರಿಯುವಷ್ಟರಲ್ಲಿ ಹೆಬ್ಬೆರಳು ಹೋಗಿ ಅದನ್ನು ತಳ್ಳಿ ನೆಟ್ಟಗೆ ಮಾಡಿತ್ತು. ಇನ್ನೊಂದು ಚಾಪೆ. ಎಳೆದಳು. ಹೆಬ್ಬೆರಳು ಸರಿಮಾಡಿತು. ತನ್ನ ಕೈಯನ್ನು ತಾನೇ ಬೈದಳು. ಎಡಗೈಯಿಂದ ಬಲಗೈ ಹಿಡಿದುಕೊಂಡಳು. ಅವಳು ಕಳಿಸಿದ ಚಾಪೆಗಳು ತಪ್ಪಿಲ್ಲವೆಂದು ಆ ತುದಿಯಿಂದ ವಾಪಸು ಬರತೊಡಗಿದವು.

ಉಸ್ತುವಾರಿಯವನು ಮಧ್ಯಾಹ್ನದವರೆಗೆ ನೋಡಿದ. ಅವತ್ತು ಮಳಿಗೆಯಲ್ಲಾದದ್ದಕ್ಕೆ ಸೇಡು ತೀರಿಸಿಕೊಳ್ಳುವ ದನಿಯೂ ಅವನದಾಗಿರಲಿಲ್ಲ, ನಿಜವಾಗಿ ಬೇಸರವೇ ಇತ್ತು. "ನಿನ್ನ ಕೈ ಸರಿಯಿಲ್ಲ ಕಣಮ್ಮ. ಮನೆಗೆ ಹೋಗು."

ಹೋದಳು. ದಾರಿಯುದ್ದಕ್ಕೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಆ ವಾರ ಮಗ್ಗದ ಮರ ಒಲೆ ಸೇರಿತು. ಹಣಿಗೆಯೊಂದನ್ನು ಮಾತ್ರ ಸೂರಿನಲ್ಲಿ ಸಿಕ್ಕಿಸಿಟ್ಟಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ತಿಳಿದವರು. ಆ ಮನೆಯಲ್ಲಿ ಉಳಿದಿದ್ದ ಒಂದೇ ಚಾಪೆ, ಅತ್ತೆ ಮಲಗುವುದು, ಸವೆದು ಜಾಳಾಗಿ ಹರಿದುಹೋಗಿತ್ತು. ಕೆರೆಯಲ್ಲಿ ಜೊಂಡು ಆಳೆತ್ತರ ಬೆಳೆದಿತ್ತು. ನೇಯಲು ಮಗ್ಗವಿರಲಿಲ್ಲ.

ಒಂದು ಸಂಜೆ ಮಗಳು ಕಂಕುಳಲ್ಲಿ ಸುರುಳಿ ಹಿಡಿದು ಬಂದಳು.

"ಬಿಸಾಕ್ತಿದ್ರು, ಕೇಳ್ಕೊಂಡು ಬಂದೆ. ನಾನೇ ಹಾಕಿದ್ದು, ತಪ್ಪು ಜಾಸ್ತಿ ಆಯ್ತು ಅಂತ ತೆಗೆದಿಟ್ರು. ಅಜ್ಜಿಗಾಯ್ತಲ್ಲ."

ಹರಕು ಚಾಪೆ ಎಳೆದು ಹೊಸದನ್ನು ಹಾಸಿದರು. ಅತ್ತೆಯನ್ನು ಎತ್ತಿ ಅದರ ಮೇಲೆ ಕೂರಿಸಿದರು. ಹೊಸ ಚಾಪೆ ಎಂದೊಡನೆ ಮುದುಕಿಯ ಮುಖ ಎಷ್ಟೋ ದಿನದ ಮೇಲೆ ಅರಳಿತು. ಅಂಚಿನಕ್ಕ ಬೇಡ ಅನ್ನುವಷ್ಟರಲ್ಲಿ ಅತ್ತೆ ಅಂಗೈ ಊರಿದಳು. ಸವರಿದಳು. ಕೈ ಬಂತು, ಬಂತು, ನಿಂತಿತು.

"ಇಲ್ಲಿ."

ಅತ್ತೆಯ ಬೆರಳು ಆ ಎಳೆಯ ಗುಂಟ ಹೋಗಿ ಬಂತು.

"ಎಡಕ್ಕೆ ವಾಲಿದೆ. ನಮ್ಮ ಹುಡುಗಿ ಕೈ." ಅತ್ತೆ ಮೊಮ್ಮಗಳಿದ್ದ ಕಡೆ ಮುಖ ತಿರುಗಿಸಿದಳು. "ಇಷ್ಟು ದೊಡ್ಡೋಳಾದ್ರೂ ಕಲೀಲಿಲ್ವಲ್ಲೇ. ಬಿಚ್ಚು."

"ಇದು ಬಿಚ್ಚಕ್ಕೆ ಬರಲ್ಲ ಅಜ್ಜಿ. ಹಿಂದೆ ಅಂಟು ಹಾಕಿದ್ದಾರೆ. ಕಿತ್ರೆ ಚೂರಾಗುತ್ತೆ."

"ಬಿಚ್ಚಕ್ಕೆ ಬರದೇ ಇರೋ ತಪ್ಪೂ ಇರುತ್ತೇನೇ?"

ಮುದುಕಿ ನಿಜವಾಗಿಯೂ ಕೇಳಿದ್ದಳು. ಅವಳ ಆಯುಷ್ಯದಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಹೋದಳು. ಅಂಚಿನಕ್ಕ ಮಂಡಿಯೂರಿ ಕೂತಳು. ಓರೆಯಾದ ಎಳೆಯ ಕೆಳಗೆ ಬಿರಿದ ಉಗುರು ತೂರಿಸಿದಳು. ಮೀಟಿದಳು. ಎಳೆ ಏಳಲಿಲ್ಲ. ಇನ್ನೂ ಒತ್ತಿದಳು. ಜೊಂಡಿನ ಒಂದು ಸಿಬಿರು ಮುರಿದು ಉಗುರಿನ ಸಂದಿಗೆ ಹೊಕ್ಕಿತು. ತಪ್ಪು ಇದ್ದಲ್ಲೇ ಇತ್ತು.

"ಬಿಚ್ಚಿದ್ಯಾ?"

"ಬಿಚ್ಚಿದೆ ಅತ್ತೆ. ಸರಿ ಮಾಡ್ದೆ."

ಈ ಮನೆಗೆ ಕಾಲಿಟ್ಟಂದಿನಿಂದ ಅತ್ತೆಯ ಅಂಗೈಗೆ ಹೇಳಿದ ಮೊದಲ ಸುಳ್ಳು ಅದು.

ಅತ್ತೆ ಮತ್ತೆ ಕೈ ಇಟ್ಟಳು. ಈ ತುದಿಯಿಂದ ಮೆಲ್ಲಗೆ ಬಂದಳು. ಅಂಗೈ ಅದೇ ಜಾಗಕ್ಕೆ ಬಂದು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಈ ಸಲ ಬಿಚ್ಚು ಅನ್ನಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆ ಹಿಡಿದು, ಚಾಪೆಯಿಂದ ಪಕ್ಕಕ್ಕೆ ಸರಿದು, ಬರೀ ನೆಲದ ಮೇಲೆ ಮಲಗಿಕೊಂಡಳು.